ಒಂದು ಭೇಟಿಗೆ ಎರಡು ಕೂಲಿ

ನಾನು ಕೆಲಸ ಮಾಡುವ ಜಿಲ್ಲೆ ಕೃಷ್ಣಾ ನದಿ ದಂಡೆಯ ಮೇಲಿದೆ. ಹೆಸರು ಬರೆಯುವುದಿಲ್ಲ. ಇಲ್ಲಿ ಹೇಳುವ ಮಕ್ಕಳು ಇನ್ನೂ ಅದೇ ಊರುಗಳಲ್ಲಿದ್ದಾರೆ, ಇದನ್ನು ಓದುವ ವಯಸ್ಸಿನವರೂ ಹೌದು, ಅದಕ್ಕೆ ಅಲ್ಲಲ್ಲಿ ವಿವರ ಬದಲಿಸಿದ್ದೇನೆ. ಕಾಗದದ ಮೇಲೆ ನಾನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ಅಷ್ಟುದ್ದ ಹೆಸರಲ್ಲಿ ಯಾರು ಕರೀತಾರೆ? ದೊಡ್ಡವರ ಬಾಯಲ್ಲಿ ನಾನು "ತಲಿ ಡಾಕ್ಟರ್ ಜೋಡಿ ಬರ್ತಾರಲ್ಲ, ಆ ಮೇಡಂ". ಕಾಲೇಜು ಹುಡುಗಿಯರಿಗೆ ಕೌನ್ಸೆಲಿಂಗ್ ಮೇಡಂ.

ನನ್ನೂರು ಮಲೆನಾಡು. ಓದು ಮುಗಿಸಿ ಬೆಂಗಳೂರಿನ ಒಂದು ಖಾಸಗಿ ಕ್ಲಿನಿಕ್‌ನಲ್ಲಿ 3 ವರ್ಷ ಇದ್ದೆ. 50 ನಿಮಿಷಕ್ಕೆ 1200 ರೂಪಾಯಿ. ಹದಿನೇಳು ಹದಿನೆಂಟರ ಹುಡುಗ ಹುಡುಗಿಯರು ಮೊಬೈಲಲ್ಲೇ ಬುಕ್ ಮಾಡಿ ಬರುತ್ತಿದ್ದರು. "ಮ್ಯಾಮ್, ನಂಗೆ ಆಂಕ್ಸೈಟಿ ಇದೆ ಅನ್ಸುತ್ತೆ" ಅಂತ ಕಾಯಿಲೆಯ ಹೆಸರನ್ನೂ ತಾವೇ ಹೇಳುತ್ತಿದ್ದರು. ಅಪ್ಪ ಕೆಳಗೆ ಕಾರಲ್ಲಿ ಕಾಯುತ್ತಿದ್ದರು. ಆ ಕ್ಲಿನಿಕ್‌ನಿಂದ ಎರಡು ರಸ್ತೆ ಆಚೆ ಒಂದು ದೊಡ್ಡ ಕಟ್ಟಡ ಏಳುತ್ತಿತ್ತು, ಅದರ ಪಕ್ಕ ತಗಡಿನ ಶೆಡ್‌ಗಳು, ಶೆಡ್‌ಗಳ ತುಂಬ ನಮ್ಮ ಈ ಕಡೆಯಿಂದಲೇ ದುಡಿಯಲು ಹೋದವರ ಮಕ್ಕಳು. ಆ 3 ವರ್ಷದಲ್ಲಿ ಅವರಲ್ಲಿ ಒಬ್ಬರೂ ನಮ್ಮ ಮೆಟ್ಟಿಲು ಹತ್ತಲಿಲ್ಲ. ಅದು ನನಗೆ ಆಗ ಹೊಳೆದೂ ಇರಲಿಲ್ಲ. ಬರೆಯುವಾಗ ನಾಚಿಕೆಯಾಗುತ್ತದೆ.

ಆಮೇಲೆ ಇಲ್ಲಿಗೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೆ ಬಂದೆ. ಈ ಕಾರ್ಯಕ್ರಮದ ಹುಟ್ಟು ನಮ್ಮ ಪಕ್ಕದಲ್ಲೇ ಅನ್ನುವುದು ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲ. 1985ರಿಂದ ಸುಮಾರು 5 ವರ್ಷ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ನರ್ಸಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಯ ಮಾತ್ರೆ ಅಲ್ಲೇ ಸಿಗುವ ಹಾಗೆ ಮಾಡಿದರು. ಅದನ್ನೇ ನೋಡಿ 1996ರಲ್ಲಿ ದೇಶದ ಮಟ್ಟದಲ್ಲಿ ಈ ಕಾರ್ಯಕ್ರಮ ಶುರುವಾಯಿತು, ಮೊದಲು ಕೆಲವೇ ಜಿಲ್ಲೆಗಳಲ್ಲಿ. ದೇಶಕ್ಕೆ ದಾರಿ ತೋರಿಸಿದ್ದು ಕಲ್ಯಾಣ ಕರ್ನಾಟಕದ ಜಿಲ್ಲೆ. ಇವತ್ತು ಇದೇ ಭಾಗದ ಹುಡುಗಿಯೊಬ್ಬಳಿಗೆ ಮಕ್ಕಳ ಮನೋವೈದ್ಯರು ಬೇಕು ಅಂದರೆ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕು, ಇಲ್ಲ ಹಗಲೆಲ್ಲ ಬಸ್ಸಲ್ಲಿ ಕೂತು ಧಾರವಾಡ ಸೇರಬೇಕು.

ನಮ್ಮ ತಂಡದಲ್ಲಿ ಒಬ್ಬರು ಮನೋವೈದ್ಯರು, ನಾನು, ಒಬ್ಬ ನರ್ಸ್, ದಾಖಲೆ ಬರೆಯುವವರು. ಮನಶ್ಶಾಸ್ತ್ರಜ್ಞರ ಹುದ್ದೆ ನಾನು ಬಂದಾಗ ಖಾಲಿ ಇತ್ತು. ಮಂಗಳವಾರ ಮನೋಚೈತನ್ಯ, ಅಂದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ಓಪಿಡಿ. ಮೊದಲ ಕೆಲವು ತಿಂಗಳು ನಾನೂ ಅಲ್ಲಿ ಒಂದು ಟೇಬಲ್ ಹಾಕಿಕೊಂಡು ಕೂತೆ. ಬರುತ್ತಿದ್ದವರು ಹಳೇ ರೋಗಿಗಳು, ಕುಡಿತ ಬಿಡಿಸಿ ಅಂತ ಗಂಡನನ್ನು ಎಳೆದು ತಂದ ಹೆಂಗಸರು, ನಿದ್ದೆ ಬಾರದ ಮುದುಕರು. ಇಪ್ಪತ್ತರ ಒಳಗಿನವರು ಅಪರೂಪ. ಬಂದವರಲ್ಲೂ ಬುದ್ಧಿಮಾಂದ್ಯತೆಯ ಸರ್ಟಿಫಿಕೇಟಿಗೆ ಬಂದವರೇ ಜಾಸ್ತಿ.

ಈ ಕಡೆ ಹುಡುಗರು ಆರಾಮಾಗಿದ್ದಾರೆ ಅಂತ ಯಾರಾದರೂ ಅಂದುಕೊಂಡರೆ ತಪ್ಪಿಲ್ಲ, ಅಂಕಿ ಕೂಡ ಹಾಗೇ ಹೇಳುವಂತೆ ಕಾಣುತ್ತದೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಏನಾದರೊಂದು ಮಾನಸಿಕ ತೊಂದರೆ ಸಿಕ್ಕಿತ್ತು. ಮಹಾನಗರದಲ್ಲಿ ಶೇ 13.5, ಹಳ್ಳಿಯಲ್ಲಿ ಶೇ 6.9. ಆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ ಅನ್ನುವುದು ಬೇರೆ ಮಾತು. ನಗರದ ಮಕ್ಕಳಿಗೆ ಕಷ್ಟ ಜಾಸ್ತಿ ಇರಬಹುದು, ಇಲ್ಲ ಅನ್ನಲ್ಲ. ಆದರೆ ನಮ್ಮ ಹುಡುಗಿಗೆ "ನಿನಗೆ ಆತಂಕ ಇದೆಯಾ" ಅಂತ ಕೇಳಿದರೆ ಅವಳು ಇಲ್ಲ ಅಂತಾಳೆ. "ಎದಿ ಡವಡವ ಅಂತದೇನು, ಕೈಕಾಲು ತಣ್ಣಗಾಗ್ತಾವೇನು" ಅಂತ ಕೇಳಿ ನೋಡಿ.

ನನ್ನ ಕಣ್ಣು ತೆರೆಸಿದ್ದು ಒಬ್ಬ ಅಜ್ಜಿ. ಮಂಗಳವಾರ ಮಧ್ಯಾಹ್ನ ಒಂದೂವರೆ ಹೊತ್ತಿಗೆ ಬಂದರು. ಜೊತೆಗೆ ಮೊಮ್ಮಗಳು, 16 ವರ್ಷ, ಫಸ್ಟ್ ಪಿಯು. ಹುಡುಗಿಗೆ ಮೂರು ತಿಂಗಳಿಂದ ಫಿಟ್ಸ್ ಬರುತ್ತಿತ್ತಂತೆ. ಊರಲ್ಲಿ ತಾಯ್ತ ಕಟ್ಟಿಸಿದ್ದರು, ಪಟ್ಟಣದಲ್ಲಿ ತಲೆ ಸ್ಕ್ಯಾನ್ ಮಾಡಿಸಿದ್ದರು, ಎಲ್ಲ ನಾರ್ಮಲ್. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದ ಆ ಸ್ಕ್ಯಾನ್ ಫಿಲ್ಮನ್ನು ಅಜ್ಜಿ ಮಡಿಲಿಂದ ಕೆಳಗಿಡಲಿಲ್ಲ. ಡಾಕ್ಟರು ನೋಡಿದರು. ನಾಲಿಗೆ ಕಚ್ಚಿಕೊಂಡಿಲ್ಲ, ನಿದ್ದೆಯಲ್ಲಿ ಬಂದಿಲ್ಲ, ಕಣ್ಣು ಬಿಗಿಯಾಗಿ ಮುಚ್ಚಿರುತ್ತದೆ, ಅರ್ಧ ಗಂಟೆ ಇರುತ್ತದೆ. ಇದು ಮಿದುಳಿನ ಫಿಟ್ಸ್ ಅಲ್ಲ, ಮನಸ್ಸಿನ ಒತ್ತಡ ಮೈಮೇಲೆ ಹಾಗೆ ಬರುತ್ತಿದೆ ಅಂದರು. ನನ್ನ ಕಡೆ ಕಳಿಸಿದರು. ಹುಡುಗಿ ಒಬ್ಬಳನ್ನೇ ಕೂರಿಸಿಕೊಂಡೆ. ಹತ್ತು ನಿಮಿಷ ಸುಮ್ನೆ ಕೂತಿದ್ದಳು, ದುಪಟ್ಟಾದ ತುದಿ ಸುತ್ತುತ್ತಾ ಬಿಚ್ಚುತ್ತಾ. ಆಮೇಲೆ ಬಾಯಿ ತೆರೆದಳು, "ಮೇಡಂ, ಮನ್ಯಾಗ..." ಅಂದಳು. ಅಷ್ಟರಲ್ಲಿ ಅಜ್ಜಿ ಬಾಗಿಲು ದೂಡಿದರು.

"ಬಸ್ ಹೋಗ್ತದ್ರಿ ಮೇಡಂ. ಅದು ಬಿಟ್ರ ಮತ್ತ ನಾಳಿಗೇ."

ನಾನು ಬೆಂಗಳೂರಿನ ಅಭ್ಯಾಸದಂತೆ, "ಇನ್ನೊಂದು 30 ನಿಮಿಷ ಬೇಕಮ್ಮ, ಮುಂದಿನ ಮಂಗಳವಾರವೂ ಬರಬೇಕು, ಹೀಗೆ ಆರೇಳು ಸಲ" ಅಂದೆ. ಅಜ್ಜಿ ಜಗಳ ಮಾಡಲಿಲ್ಲ. ಬೆರಳು ಮಡಚಿ ಲೆಕ್ಕ ಹೇಳಿದರು. ಇವತ್ತು ತನ್ನದೊಂದು ಕೂಲಿ ಹೋಯಿತು. ಹುಡುಗಿ ಕಾಲೇಜು ಬಿಟ್ಟ ದಿನ ಹತ್ತಿ ಬಿಡಿಸಲು ಹೋಗುತ್ತಾಳೆ, ಅವಳದೂ ಒಂದು ಕೂಲಿ ಹೋಯಿತು. ಅಲ್ಲಿಗೆ ಎರಡು ಕೂಲಿ. ಬಸ್ಸು, ಚಹಾ, ಬಾಳೆಹಣ್ಣು ಬೇರೆ. "ಆರು ಸಲ ಅಂದ್ರ ಹನ್ನೆರಡು ಕೂಲಿ ಆತಲ್ರಿ ಮೇಡಂ. ಅಷ್ಟು ಯಾರ್ ಕೊಡ್ತಾರ?"

ಹನ್ನೆರಡು ಕೂಲಿ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಅವರ ಊರು ಎಷ್ಟು ದೂರ ಅಂತ ನೋಡಿದರೆ ಬರೀ 31 ಕಿಲೋಮೀಟರ್. ಬೆಂಗಳೂರಲ್ಲಿ ವೈಟ್‌ಫೀಲ್ಡಿಂದ ನಮ್ಮ ಕ್ಲಿನಿಕ್‌ಗೆ ಬರುತ್ತಿದ್ದ ಹುಡುಗನೂ ಹೆಚ್ಚುಕಡಿಮೆ ಅಷ್ಟೇ ದೂರದಿಂದ ಬರುತ್ತಿದ್ದ. ಕಿಲೋಮೀಟರ್ ಲೆಕ್ಕ ಹಾಕಿದರೆ ಇಬ್ಬರೂ ಸಮ.

ಮರುದಿನ ನನ್ನ ಫಾಲೋ-ಅಪ್ ರಿಜಿಸ್ಟರ್‌ನಲ್ಲಿ ಸ್ಕೇಲ್ ಇಟ್ಟು ಒಂದು ಹೊಸ ಕಾಲಂ ಎಳೆದೆ. ಮೇಲೆ "ಕೂಲಿ" ಅಂತ ಬರೆದೆ. ಯಾರು ಕರೆತಂದರು, ಅವರದು ಎಷ್ಟು ದಿನದ ದುಡಿಮೆ ಹೋಯಿತು, ಅಷ್ಟೇ. ಸರ್ಕಾರದ ನಮೂನೆಯಲ್ಲಿ ಇಂಥ ಕಾಲಂ ಇಲ್ಲ, ನಮ್ಮ ದಾಖಲೆಯವರು ಮೊದಲು ನಕ್ಕರು. ಎರಡು ತಿಂಗಳ ನಂತರ ನಾವಿಬ್ಬರೂ ಕೂತು ನೋಡಿದಾಗ ಒಂದು ವಿಷಯ ಎದ್ದು ಕಂಡಿತು. ಅರ್ಧ ಕೂಲಿಯಲ್ಲಿ ಬಂದು ಹೋಗುವವರು ಮತ್ತೆ ಬರುತ್ತಿದ್ದರು. ಎರಡು ಕೂಲಿಯವರು ಮೂರನೇ ಸಲ ಕಾಣುತ್ತಿರಲಿಲ್ಲ. ದೊಡ್ಡಿಗಳಿಂದ ಬರುವವರಂತೂ ಎರಡನೇ ಸಲವೇ ಇಲ್ಲ. ದೊಡ್ಡಿ ಅಂದರೆ ಹೊಲದ ನಡುವೆ ನಾಲ್ಕಾರು ಮನೆ, ಬಸ್ಸಿಗಾಗಿ ಮೂರು ನಾಲ್ಕು ಕಿಲೋಮೀಟರ್ ನಡೆಯಬೇಕು, ಮಳೆ ಬಂದರೆ ಕರಿಮಣ್ಣು ಚಪ್ಪಲಿಗೆ ಮೆತ್ತಿ ಹೆಜ್ಜೆ ಕೀಳಲು ಆಗಲ್ಲ. ಜಿಲ್ಲೆ ಜಿಲ್ಲೆ ನಡುವಿನ ವ್ಯತ್ಯಾಸದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನನ್ನ ರಿಜಿಸ್ಟರ್ ನೋಡಿದರೆ ಒಂದೇ ತಾಲ್ಲೂಕಿನಲ್ಲಿ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಗೂ ದೊಡ್ಡಿಗೂ ಇರುವ ವ್ಯತ್ಯಾಸ ಅದಕ್ಕಿಂತ ಕಡಿಮೆ ಏನಲ್ಲ.

ಹಾಗಾದರೆ ಒಂದು ಭೇಟಿಯನ್ನು ಅರ್ಧ ಕೂಲಿಗೆ ಇಳಿಸುವುದು ಹೇಗೆ? ಮಂಗಳವಾರ ಬದಲಿಸುವುದು ನನ್ನ ಕೈಯಲ್ಲಿಲ್ಲ, ಅದು ಮೇಲಿನಿಂದ ಬಂದ ದಿನ. ಆಶಾ ಕಾರ್ಯಕರ್ತೆಯೊಬ್ಬರು ದಾರಿ ತೋರಿಸಿದರು. "ಸಂತಿ ದಿನ ಕುಂದರ್ರಿ ಮೇಡಂ, ಎಲ್ಲಾರೂ ಹೆಂಗೂ ಬರ್ತಾರ." ಅವರ ಹೋಬಳಿಯಲ್ಲಿ ಸಂತೆ ಶನಿವಾರ. ಶನಿವಾರ ಶಾಲೆ ಬೆಳಗ್ಗೆಯೇ ಮುಗಿಯುತ್ತದೆ. ಸಂತೆಗೆ ಟಂಟಂ ಆಟೋಗಳು ದೊಡ್ಡಿ ತನಕ ಹೋಗಿ ಜನರನ್ನು ತುಂಬಿಕೊಂಡು ಬರುತ್ತವೆ. ಕೂಲಿಗೂ ಅವತ್ತು ಅರ್ಧ ದಿನವೇ ಹೋಗುವುದು, ಏಕೆಂದರೆ ವಾರದ ಬಟವಾಡೆ ಆ ದಿನ. ಇಷ್ಟು ಸುಲಭದ ಮಾತು ಅಷ್ಟು ದಿನ ನನಗೆ ಹೊಳೆದಿರಲಿಲ್ಲ.

ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಕೇಳಿದೆ. ಒಳ್ಳೆಯವರು, ಆದರೆ ರೂಮಿಲ್ಲ ಅಂದರು. ಒಂದು ಮೂಲೆಯಲ್ಲಿ ಸ್ನೇಹ ಕ್ಲಿನಿಕ್ ಅಂತ ಬೋರ್ಡ್ ಇದ್ದ ಕೋಣೆ ಇತ್ತು. ಹದಿಹರೆಯದವರಿಗಾಗಿ 2014ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಶುರು ಮಾಡಿತಲ್ಲ, ಅದರ ಅಡಿ ಬಂದ ಕೋಣೆ. ಒಳಗೆ ಹಳೇ ಸಲೈನ್ ಸ್ಟ್ಯಾಂಡು, ಪೋಲಿಯೋ ಬ್ಯಾನರ್‌ಗಳು, ಒಂದು ಕಾಲಿಲ್ಲದ ಬೆಂಚು. ನಾನು, ನರ್ಸ್ ಮತ್ತು ಆ ಆಶಾ ಅಕ್ಕ ಸೇರಿ ಒಂದು ಮಧ್ಯಾಹ್ನ ಗುಡಿಸಿ ತೊಳೆದೆವು. ಬೋರ್ಡನ್ನು ಮಾತ್ರ ಮುಟ್ಟಲಿಲ್ಲ. "ಮಾನಸಿಕ" ಅನ್ನುವ ಪದ ಬಾಗಿಲ ಮೇಲೆ ಇದ್ದಿದ್ದರೆ ಸಂತೆಯ ದಿನ ಊರ ಕಣ್ಣೆದುರು ಯಾವ ಹುಡುಗಿ ಒಳಗೆ ಕಾಲಿಡುತ್ತಾಳೆ?

ಇಲ್ಲಿ ಇನ್ನೊಂದು ಅನುಕೂಲ ಆಯಿತು. ಹುಡುಗಿಯರು ಕಬ್ಬಿಣದ ಮಾತ್ರೆಗೆ, ರಕ್ತ ಪರೀಕ್ಷೆಗೆ ಬರುವ ಕೋಣೆ ಅದು. "ಸುಸ್ತು, ತಲೆ ತಿರುಗ್ತದೆ, ಓದಿದ್ದು ನೆನಪಿರಲ್ಲ" ಅಂತ ಬಂದವರಿಗೆ ಮೊದಲು ಹಿಮೋಗ್ಲೋಬಿನ್ ನೋಡುವುದು ಅಂತ ನಿಯಮ ಮಾಡಿಕೊಂಡೆವು. ನೆಪಕ್ಕೆ ಅಲ್ಲ, ನಿಜವಾಗಿ. ಒಬ್ಬಳದು ತೀರಾ ಕಡಿಮೆ, 7 ಇತ್ತು. 7 ಇರುವ ಹುಡುಗಿಯನ್ನು ಕೂರಿಸಿಕೊಂಡು ಮನಸ್ಸಿನ ಭಾರ ಅಂತ ಮಾತಾಡಿದರೆ ಅದು ಮೋಸ. ರಕ್ತ ಸರಿಯಿದ್ದೂ ಸುಸ್ತು ಹೋಗದವರು ನನ್ನ ಕುರ್ಚಿಗೆ ಬರುತ್ತಿದ್ದರು, ಎರಡೂ ಇದ್ದವರಿಗೆ ಎರಡೂ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಆ ಯೋಜನೆಯ ಬಗ್ಗೆ ಟಿವಿಯಲ್ಲಿ ಎಷ್ಟು ಜೋಕು, ಎಷ್ಟು ಜಗಳ. ನನ್ನ ರಿಜಿಸ್ಟರ್‌ನಲ್ಲಿ ಮಾತ್ರ ತಾಯಿ ಮಗಳು ಇಬ್ಬರೇ ಬರುವುದು ಜಾಸ್ತಿಯಾಯಿತು. ಮೊದಲು ಬಸ್ಸಿನ ದುಡ್ಡಿಗೆ ಗಂಡನನ್ನು ಕೇಳಬೇಕಿತ್ತು, ಕೇಳಿದರೆ ಯಾಕೆ ಅಂತ ಹೇಳಬೇಕಿತ್ತು. ಈಗ ಆಧಾರ್ ಕಾರ್ಡ್ ಸೆರಗಿಗೆ ಕಟ್ಟಿಕೊಂಡು ಬರುತ್ತಾರೆ. ಹುಡುಗರಿಗೆ ಆ ಲಾಭ ಇಲ್ಲ, ಅದೂ ರಿಜಿಸ್ಟರ್‌ನಲ್ಲೇ ಕಾಣುತ್ತದೆ.

ಆ ಫಿಟ್ಸ್ ಹುಡುಗಿ ಮೂರನೇ ಶನಿವಾರ ಬಂದಳು. ಅಜ್ಜಿ ಹೊರಗೆ ಬೇವಿನ ಮರದ ಕೆಳಗೆ ಮೆಣಸಿನಕಾಯಿ ಚೀಲ ಇಟ್ಟುಕೊಂಡು ಕೂತಿದ್ದರು, ಬಸ್ಸಿನ ಅವಸರ ಇಲ್ಲ. ಅಂದು ನಿಂತ ಮಾತು ಮುಂದುವರಿಯಿತು. ಮನೆಯಲ್ಲಿ ಸೋದರಮಾವನಿಗೆ ಕೊಡುವ ಮಾತಾಗಿತ್ತು. ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋಗಿದ್ದರು, ಬೆಳೆದ ಹುಡುಗಿಯನ್ನು ಮುದುಕಿಯ ಹತ್ತಿರ ಬಿಟ್ಟು ಎಷ್ಟು ದಿನ ಇರುವುದು ಅಂತ ಅವರ ಚಿಂತೆ. ಹುಡುಗಿಗೆ ನರ್ಸಿಂಗ್ ಓದಬೇಕು. ಅದನ್ನು ಬಾಯಿ ಬಿಟ್ಟು ಹೇಳುವ ಜಾಗ ಆ ಮನೆಯಲ್ಲಿ ಇರಲಿಲ್ಲ. ಮಾವ ಮನೆಗೆ ಬಂದ ದಿನವೇ ಫಿಟ್ಸ್ ಬರುತ್ತಿತ್ತು ಅಂತ ನಾವಿಬ್ಬರೂ ಕ್ಯಾಲೆಂಡರ್ ನೋಡಿ ಗುರುತು ಹಾಕಿದಾಗ ಅವಳೇ ಬೆರಗಾದಳು. "ನಾ ಬೇಕಂತ ಮಾಡಿಲ್ರಿ ಮೇಡಂ" ಅಂತ ಅತ್ತಳು. ಗೊತ್ತು ಅಂದೆ. ಇದು ನಾಟಕ ಅಲ್ಲ ಅನ್ನುವುದನ್ನು ಅಜ್ಜಿಗೆ ಒಪ್ಪಿಸುವುದು ಅದಕ್ಕಿಂತ ಕಷ್ಟವಾಯಿತು. ಸ್ಕ್ಯಾನಲ್ಲಿ ಏನೂ ಇಲ್ಲ ಅಂದಮೇಲೆ ಸುಳ್ಳು ಅಂತ ಅವರ ಲೆಕ್ಕ. ನಾನು ಅವರದೇ ಮಾತಲ್ಲಿ ಹೇಳಿದೆ, "ಯವ್ವಾ, ನಿಮಗೆ ಸಿಟ್ಟು ಬಂದರ ತಲಿ ನೋಯ್ತದಲ್ಲ, ಆ ಸಿಟ್ಟು ಸ್ಕ್ಯಾನಾಗ ಕಾಣ್ತದೇನು?" ಸ್ವಲ್ಪ ಹೊತ್ತು ಯೋಚಿಸಿ, "ಇಲ್ಲ ಬಿಡ್ರಿ" ಅಂದರು.

ಹುಡುಗಿಗೆ 18 ಆಗಿಲ್ಲ, ಮದುವೆ ಮಾಡಿದರೆ ಅಪರಾಧ, ಯಾರಾದರೂ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಅಧಿಕಾರಿಗಳು ಮನೆ ಬಾಗಿಲಿಗೇ ಬರುತ್ತಾರೆ. ಇದನ್ನು ನಾನೇ ಹೋಗಿ ಹೇಳಿದ್ದರೆ ಹುಡುಗಿ ಮತ್ತೆಂದೂ ನನ್ನ ಹತ್ತಿರ ಬರುತ್ತಿರಲಿಲ್ಲ. ಅಂಗನವಾಡಿ ಶಿಕ್ಷಕಿ ಮತ್ತು ಅವಳ ಕಾಲೇಜಿನ ಉಪನ್ಯಾಸಕರು ಹಬ್ಬಕ್ಕೆ ಅಪ್ಪ ಊರಿಗೆ ಬಂದಾಗ ಮಾತಾಡಿದರು. ಮದುವೆ ಮಾತನ್ನು ಮುಂದೂಡಿದರು, ಮುರಿಯಲಿಲ್ಲ. ಫಿಟ್ಸ್ ಕಡಿಮೆಯಾಯಿತು, ಪೂರ್ತಿ ನಿಂತಿಲ್ಲ. ಪಿಯು ಮುಗಿಸಿದಳು. ಶನಿವಾರದವು ಒಟ್ಟು 9 ಭೇಟಿ, ರಿಜಿಸ್ಟರ್ ಪ್ರಕಾರ ನಾಲ್ಕೂವರೆ ಕೂಲಿ.

ಈಗ ನಾನು ಎಡವಿದ ಕಥೆ. 19ರ ಹುಡುಗ. ಬೆಂಗಳೂರಲ್ಲಿ ಕಟ್ಟಡದ ಕೆಲಸದಲ್ಲಿದ್ದವನಿಗೆ ಯಾರೋ ತನ್ನ ಹಿಂದೆ ಬಿದ್ದಿದ್ದಾರೆ, ಮೊಬೈಲಲ್ಲಿ ತನ್ನ ಮಾತು ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಶುರುವಾಗಿತ್ತು. ಅಪ್ಪ ಹೋಗಿ ಕರೆತಂದರು, ದಾರಿಯಲ್ಲಿ ಗಾಣಗಾಪುರಕ್ಕೂ ಹೋಗಿ ಬಂದಿದ್ದರು. ದೇವರಿಗೆ ಹೋಗಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹೋಗಿ ಬನ್ನಿ, ಮಾತ್ರೆ ಚೀಲದಲ್ಲಿರಲಿ, ಅಷ್ಟೇ. ಮಾತ್ರೆ ಶುರುವಾಗಿ ಒಂದೂವರೆ ತಿಂಗಳಲ್ಲಿ ಹುಡುಗ ಎಷ್ಟು ಸುಧಾರಿಸಿದ ಅಂದರೆ ಅಪ್ಪ ನಮಗೆ ಒಂದು ಚೀಲ ಶೇಂಗಾ ತಂದಿಟ್ಟರು. ನಾನು ಮುಂದಿನ ತಾರೀಖು ಬರೆದುಕೊಟ್ಟೆ. ಆ ತಾರೀಖಿಗೆ ಬರಲಿಲ್ಲ. ಮುಂದಿನ ತಿಂಗಳೂ ಇಲ್ಲ. ಆಶಾ ಹೋಗಿ ನೋಡಿದರೆ ಮನೆಗೆ ಬೀಗ. ಸುಗ್ಗಿ ಮುಗಿದಿತ್ತು, ಇಡೀ ಕುಟುಂಬ ಗುಳೆ ಹೋಗಿತ್ತು. ಹುಡುಗ ಆರಾಮಾಗಿದ್ದಾನೆ, ನಾಲ್ಕು ಕಾಸು ದುಡೀಲಿ ಅಂತ ಅವನನ್ನೂ ಕರೆದುಕೊಂಡು ಹೋಗಿದ್ದರು. ಮಾತ್ರೆ ಎಲ್ಲಿ ಸಿಗುತ್ತೆ ಅಂತ ಅವರಿಗೆ ಗೊತ್ತಿರಲಿಲ್ಲ, ನಾನು ಹೇಳಿಯೂ ಇರಲಿಲ್ಲ. ನಾಲ್ಕು ತಿಂಗಳ ಮೇಲೆ ಕರೆತಂದಾಗ ಮೊದಲಿಗಿಂತ ಕೆಟ್ಟಿದ್ದ. ಎರಡನೇ ಸಲ ಸುಧಾರಿಸಲು ಹೆಚ್ಚು ದಿನ ಹಿಡಿಯಿತು, ಮೊದಲಿನ ಚುರುಕು ಪೂರ್ತಿ ಬರಲಿಲ್ಲ. ಆ ಮನೆಯ ಕ್ಯಾಲೆಂಡರನ್ನು ನಾನು ಒಮ್ಮೆ ಕೇಳಿದ್ದರೆ ಸಾಕಿತ್ತು.

ಅಂದಿನಿಂದ ರಿಜಿಸ್ಟರ್‌ನಲ್ಲಿ "ಗುಳೆ" ಅಂತ ಇನ್ನೊಂದು ಕಾಲಂ. ಯಾವ ತಿಂಗಳು ಹೋಗ್ತೀರಿ, ಎಲ್ಲಿಗೆ, ಮೇಸ್ತ್ರಿಯ ನಂಬರ್ ಏನು. ಹೋಗುವ ಮೊದಲು ಒಂದು ಚೀಟಿ ಕೊಡುತ್ತೇವೆ. ಕನ್ನಡದಲ್ಲೂ ಇಂಗ್ಲಿಷಲ್ಲೂ ಮಾತ್ರೆಯ ಹೆಸರು, ಕಂಪನಿ ಹೆಸರಲ್ಲ, ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಯಾವಾಗ ಶುರುವಾಯಿತು. ಡಾಕ್ಟರು ಒಪ್ಪಿದರೆ ಎರಡು ತಿಂಗಳ ಮಾತ್ರೆ ಒಟ್ಟಿಗೆ. ಹೋದ ಊರಿನ ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು ಅಂತ ನಾನೇ ಹುಡುಕಿ ಅದೇ ಚೀಟಿಯ ಹಿಂದೆ ಬರೆಯುತ್ತೇನೆ. ಚೀಟಿಯನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಕೊಡಬೇಕು, ಇಲ್ಲದಿದ್ದರೆ ಶೆಡ್‌ನಲ್ಲಿ ಒಂದು ಮಳೆಗೆ ಕರಗುತ್ತದೆ. ಇದನ್ನೂ ಅನುಭವದಿಂದಲೇ ಕಲಿತದ್ದು.

ನಡುವೆ ಒಮ್ಮೆ ಮಂಗಳೂರು ಕಡೆ ಕೆಲಸ ಮಾಡುವ ನನ್ನ ಸಹಪಾಠಿಯ ಮನೆಗೆ ಹೋಗಿ ಒಂದು ವಾರ ಇದ್ದೆ. ಅವಳ ಕೆಲಸವನ್ನೂ ನೋಡಿದೆ. ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳಲ್ಲ. ಒಂದೇ ಜಿಲ್ಲೆಯಲ್ಲಿ ಏಳೆಂಟು ಮೆಡಿಕಲ್ ಕಾಲೇಜು, ಪ್ರತಿ ಕಾಲೇಜಲ್ಲೂ ಮನೋವೈದ್ಯ ವಿಭಾಗ. ಕೈ ತೋರಿಸಿದರೆ ನಿಲ್ಲುವ ಖಾಸಗಿ ಬಸ್ಸು, ಒಂದು ತಪ್ಪಿದರೆ ಹಿಂದೆಯೇ ಇನ್ನೊಂದು. ಎಸ್ಸೆಸ್ಸೆಲ್ಸಿ, ಪಿಯು ಫಲಿತಾಂಶ ಬಂದಾಗ ದಕ್ಷಿಣ ಕನ್ನಡ, ಉಡುಪಿ ಮೇಲೆ, ನಮ್ಮ ಯಾದಗಿರಿ, ಕಲಬುರಗಿ ಕೆಳಗೆ ಇರುವುದನ್ನು ವರ್ಷ ವರ್ಷ ಪೇಪರಲ್ಲಿ ನೋಡುತ್ತೇವಲ್ಲ, ಅದೇ ಪಟ್ಟಿಯನ್ನು ಮನೋವೈದ್ಯರ ಲೆಕ್ಕಕ್ಕೂ ಬಳಸಬಹುದೇನೋ ಅನಿಸಿತು. ಆದರೆ ಅವಳ ದೂರು ಬೇರೆ. ಅಲ್ಲಿ ಆಸ್ಪತ್ರೆ ಹತ್ತಿರ ಇದೆ, ಸಮಯ ಇಲ್ಲ. ಹಾಸ್ಟೆಲಲ್ಲಿರುವ ಪಿಯು ಹುಡುಗನಿಗೆ ಬೆಳಗ್ಗೆ ಐದಕ್ಕೆ ಸ್ಟಡಿ ಅವರ್, ರಾತ್ರಿ ಹತ್ತಕ್ಕೂ ಸ್ಟಡಿ ಅವರ್, ಹೊರಗೆ ಹೋಗಲು ಗೇಟ್ ಪಾಸ್, ಪಾಸ್‌ನಲ್ಲಿ ಕಾರಣ ಬರೆಯಬೇಕು. ಮೂರು ಕಿಲೋಮೀಟರ್ ದೂರದ ಆಸ್ಪತ್ರೆಗೆ ಅವನು ಬರುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತದೆ. "ನಿಮ್ಮದು ಕೂಲಿ, ನಮ್ಮದು ಮಾರ್ಕು" ಅಂದಳು. ನನ್ನ ಕಾಲಂ ಬಗ್ಗೆ ಹೇಳಿದ್ದೆ, ಅದನ್ನೇ ಹಿಡಿದುಕೊಂಡಳು. ಈಗ ಅವಳು ಒಂದು ಹಾಸ್ಟೆಲ್‌ಗೇ ಭಾನುವಾರ ಹೋಗಿ ಕೂರುತ್ತಾಳೆ.

ಫೋನಿದೆಯಲ್ಲ ಅಂತ ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಇದೆ. 2022ರ ಅಕ್ಟೋಬರ್ 10ರಂದು ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್ ಶುರುವಾಯಿತು, 14416, ದುಡ್ಡಿಲ್ಲ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ನಾನು ಪ್ರತಿ ಕಾಲೇಜಿನಲ್ಲೂ ಬೋರ್ಡ್ ಮೇಲೆ ಈ ನಂಬರ್ ಬರೆದು ಬರುತ್ತೇನೆ. ಹುಡುಗರು ಬರೆದುಕೊಳ್ಳುತ್ತಾರೆ. ಒಮ್ಮೆ ಒಬ್ಬಳು ಕೇಳಿದಳು, "ಮೇಡಂ, ಫೋನ್ ಅಣ್ಣನ ಕೈಯಾಗ ಇರ್ತದ. ಮಾಡಿದ್ದು ಅದರಾಗ ಕಾಣ್ತದಲ್ರಿ?" ಕಾಣುತ್ತದೆ. ಅದಕ್ಕೆ ಈಗ ಸಮಾಜ ಕಲ್ಯಾಣ ಮತ್ತು ಬಿಸಿಎಂ (ಹಿಂದುಳಿದ ವರ್ಗಗಳ) ಹಾಸ್ಟೆಲ್‌ಗಳ ವಾರ್ಡನ್‌ಗಳಲ್ಲಿ ಒಪ್ಪಿದ ಇಬ್ಬರ ಜೊತೆ ಒಂದು ಏರ್ಪಾಡು ಇದೆ. ಸಂಜೆ ಆರರಿಂದ ಏಳು, ಆಫೀಸ್ ಫೋನು ಮಕ್ಕಳಿಗೆ, ವಾರ್ಡನ್ ವರಾಂಡದಲ್ಲಿ. ಯಾರು ಮಾತಾಡಿದರು ಅಂತ ಬರೆಯುವ ಹಾಗಿಲ್ಲ. ಹಾಸ್ಟೆಲ್‌ನಲ್ಲಿ ಇರುವವರಿಗೆ ಅಷ್ಟಾಯಿತು. ಮನೆಯಲ್ಲಿ ಇರುವವರಿಗೆ ಆಶಾ ಅಕ್ಕನ ಫೋನು.

ಆಶಾ ಅಕ್ಕಂದಿರಿಗೆ ನಾನು ಕೊಟ್ಟ ತರಬೇತಿ ಕೂಡ ಮೊದಲು ದಂಡ. ಖಿನ್ನತೆ, ಗೀಳು, ಚಿತ್ತವಿಕಲತೆ ಅಂತ ಸ್ಲೈಡು ತೋರಿಸಿದ್ದೆ, ಅವರು ಪಾಪ ಬರೆದುಕೊಂಡರು. ಆಮೇಲೆ ಅವರ ಜೊತೆಗೇ ಕೂತು ನಾಲ್ಕು ಪ್ರಶ್ನೆ ಮಾಡಿದೆವು. ನಿದ್ದಿ ಹೆಂಗದ? ಊಟ ಸೇರ್ತದೇನು? ಗೆಳತ್ಯಾರ ಜೋಡಿ ಮೊದಲಿನಂಗ ಅದಾಳೇನು? ನಾಲ್ಕನೆಯದು ಕೇಳಲು ಅವರಿಗೆ ಭಯವಿತ್ತು: ಬದುಕೋದೇ ಬ್ಯಾಡ ಅನಿಸ್ಯದೇನು? ಕೇಳಿದರೆ ನಾವೇ ತಲೆಗೆ ಹಾಕಿದಂತಾಗುತ್ತದೆ ಅಂತ. ಹಾಗಾಗುವುದಿಲ್ಲ, ಕೇಳಿದರೆ ಎದೆಯ ಭಾರ ಇಳಿಯುತ್ತದೆ, ನಾನು ನೂರು ಸಲ ನೋಡಿದ್ದೇನೆ. ಹೌದು ಅಂದರೆ ಒಬ್ಬಳನ್ನೇ ಬಿಡಬೇಡಿ, ಆ ಕ್ಷಣವೇ ನನಗೆ ಫೋನ್ ಮಾಡಿ, ಶನಿವಾರಕ್ಕೆ ಕಾಯಬೇಡಿ. ಯಾರಾದರೂ ಜೀವ ಕಳೆದುಕೊಳ್ಳಲು ಯತ್ನಿಸಿದರೆ ಮನೆಯವರು ಪೊಲೀಸ್ ಕೇಸ್ ಅಂತ ಹೆದರಿ ಮುಚ್ಚಿಡುತ್ತಾರೆ, ಆಸ್ಪತ್ರೆಗೆ ತರುವುದು ತಡವಾಗುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಅಂಥವರನ್ನು ಶಿಕ್ಷಿಸುವುದಲ್ಲ, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಅಂತ ಈಗ ಆಶಾಗಳೇ ಊರಲ್ಲಿ ಹೇಳುತ್ತಾರೆ. ನಾನು ಹೇಳಿದಾಗ ಇಲ್ಲದ ತೂಕ ಅವರ ಬಾಯಲ್ಲಿ ಬರುತ್ತದೆ.

ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ನಮ್ಮಲ್ಲಿ ಮಾತ್ರೆಯ ದಾಸ್ತಾನು ಮುಗಿದು ಮೂರು ವಾರ ಬರದೇ ಇರುವುದು ಇನ್ನೂ ಇದೆ. ನಾನು ಗುತ್ತಿಗೆಯಲ್ಲಿದ್ದೇನೆ, ಪ್ರತಿ ಮಾರ್ಚ್ ಬಂದರೆ ಏಪ್ರಿಲ್‌ನಲ್ಲಿ ಕೆಲಸ ಇದೆಯೋ ಇಲ್ಲವೋ ಅಂತ ನನಗೇ ಎದೆ ಡವಡವ. ಇಷ್ಟಾದರೂ ಹದಿನೆಂಟು ದಾಟಿದ ಹುಡುಗರು ನಮ್ಮ ಕೋಣೆಗೆ ಬರುವುದಿಲ್ಲ. ಸ್ನೇಹ ಕ್ಲಿನಿಕ್ ಅಂದರೆ ಹುಡುಗಿಯರದು ಅಂತ ಅವರ ತಲೆಯಲ್ಲಿ ಕೂತುಬಿಟ್ಟಿದೆ, ಅದಕ್ಕೆ ನಾವೂ ಕಾರಣ. ಸಂತೆಯಲ್ಲಿ ಹೇರ್ ಕಟಿಂಗ್ ಮಾಡುವ ಅಣ್ಣನ ಹತ್ತಿರ ಒಂದು ಮಾತು ಹಾಕಿದ್ದೇನೆ. ಇಡೀ ಹೋಬಳಿಯ ಹುಡುಗರು ತಲೆ ಬಗ್ಗಿಸಿ ಮಾತಾಡುವ ಜಾಗ ಅದೊಂದೇ. ಅವರಿಂದ ಇಲ್ಲಿಯವರೆಗೆ ಇಬ್ಬರು ಬಂದಿದ್ದಾರೆ, ಇಬ್ಬರೂ ಕತ್ತಲಾದ ಮೇಲೆ.

ಈ ಶನಿವಾರ ಅಮಾವಾಸ್ಯೆ, ಸಂತೆ ತೆಳ್ಳಗಿರುತ್ತದೆ. ಹಾಗಾಗಿ ಅವತ್ತು ನಾವೇ ದೊಡ್ಡಿಗೆ ಹೋಗುವುದು ಅಂತ ಮಾತಾಗಿದೆ. ಎರಡು ತಿಂಗಳಿಂದ ಕಾಣದ ಮೂವರು ಅಲ್ಲಿದ್ದಾರೆ. ಬೈಕು ಆಶಾ ಅಕ್ಕನ ಮಗನದು, ಪೆಟ್ರೋಲ್ ನನ್ನದು. ಮಳೆ ಬರದಿದ್ದರೆ ಸಾಕು.